ಶನಿವಾರದ ಚೀಲ

28-1-2025, ಮಂಗಳವಾರ. ಬೆಳಿಗ್ಗೆ 7.20

ಬಿ.ಪಿ. ಮಾತ್ರೆ ಆಯಿತು. ಕಾಫಿ ಆಯಿತು — ಪುಡಿ ಮುಗಿಯುತ್ತ ಬಂದಿದೆ. ಮೇಲಿನ ಫ್ಲ್ಯಾಟಿನವರು ಮತ್ತೆ ಏನೋ ಕುಟ್ಟುತ್ತಿದ್ದಾರೆ. ಕುಟ್ಟಲಿ.

ಶೈಲಜಾಳ ವಾಟ್ಸ್‌ಆ್ಯಪ್. ಹಂಸಾಳ ತಂಗಿ. ಮಂಡ್ಯದಲ್ಲಿ ಹೈಸ್ಕೂಲಿಗೆ ಹಿಂದಿ ಹೇಳಿಕೊಟ್ಟು ರಿಟೈರ್ ಆದವಳು; ಈಗ ಊರಿಗೆಲ್ಲ ಹೇಳಿಕೊಡುತ್ತಾಳೆ. "ಭಾವ, ಟಿಕೆಟ್ ಆಗಿದೆ. ಭಾನುವಾರ ಬೆಳಿಗ್ಗೆ ಇಳೀತೀವಿ. ಹತ್ತು ದಿನ. ಪ್ರಾಣಿ ಗೀಣಿ ನೋಡೋದು ಬೇಡ. ಅಕ್ಕ ಓಡಾಡಿದ ಮಾರ್ಕೆಟ್ಟು, ತಿಂದ ಅಂಗಡಿ, ಅಷ್ಟು ತೋರಿಸಿ ಸಾಕು." ಕೇಳಿದ್ದಲ್ಲ. ಆರ್ಡರ್.

ಮೂವತ್ತೊಂದು ವರ್ಷ ನಾನೂ ಹಂಸಾನೂ ನೈರೋಬಿಯಲ್ಲಿದ್ದೆವು. ಇವಳು ಒಂದು ಸಲವೂ ಬರಲಿಲ್ಲ. ಹಂಸಾ ಹೋದಾಗಲೂ ಬರಲಿಲ್ಲ — ವೀಸಾ, ಮೊಣಕಾಲು, ಏನೋ. ಹದಿನಾಲ್ಕು ತಿಂಗಳಾದ ಮೇಲೆ ಈಗ ಮಾರ್ಕೆಟ್ ನೋಡಬೇಕಂತೆ.

ಏರ್‌ಪೋರ್ಟಿನಿಂದ ಉಬರ್ ಹಿಡಿದು ಬನ್ನಿ ಎಂದು ಬರೆದೆ. ಅಳಿಸಿದೆ. ಜನ ಏನಂದುಕೊಂಡಾರು. ಆದರೂ — ನಾನೇನು ಇವರ ಡ್ರೈವರಾ? ಹಂಸಾಳಿಗೂ ಇದನ್ನೇ ಹೇಳುತ್ತಿದ್ದೆ, ಶನಿವಾರ ಶನಿವಾರ. "ಒಳಗೆ ಬನ್ನಿ, ಚೀಲ ಭಾರ" ಎನ್ನುತ್ತಿದ್ದಳು. "ಕರ್ಕೊಂಡು ಬಂದಿದ್ದೇ ಹೆಚ್ಚು. ನಾನೇನು ನಿನ್ನ ಡ್ರೈವರಾ?" ಕಾರಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ಒಂದು ಗಂಟೆ ದಾಟಿದರೆ ಹಾರ್ನ್. ಮೂರು ಸಲ. ಮೂರು ನನ್ನ ಪದ್ಧತಿ. ಫ್ಯಾಕ್ಟರಿ ಗೇಟಿಗೂ ಮೂರು, ಅಪಾರ್ಟ್‌ಮೆಂಟಿನ ಗೇಟಿಗೂ ಮೂರು. ಪಂಕ್ಚುಯಾಲಿಟಿ ಈಸ್ ದಿ ಪೊಲೈಟ್‌ನೆಸ್ ಆಫ್... ಯಾರದೋ. ರಾಜರದಿರಬೇಕು.

ಪೇಂಟ್ ಫ್ಯಾಕ್ಟರಿಯ ಪ್ರೊಡಕ್ಷನ್ ಮ್ಯಾನೇಜರ್ ಚೀಲ ಹಿಡಿದು ಸೊಪ್ಪಿನವಳ ಮುಂದೆ ನಿಲ್ಲುವುದೇ? ಇಟ್ ಈಸ್ ನಾಟ್ ಡನ್.

2-2-2025, ಭಾನುವಾರ. ಸಂಜೆ 5

ಬಂದರು. ನಾಲ್ಕು ಸೂಟ್‌ಕೇಸ್, ಒಂದು ಚಕ್ಕುಲಿ ಡಬ್ಬ, ಷಡ್ಡಕ.

ಈ ಷಡ್ಡಕ ಪ್ರಕಾಶ್ ಕೆ.ಇ.ಬಿ.ಯಲ್ಲಿದ್ದವನು. ಮೀಟರ್ ನೋಡಿ ನೋಡಿ ಅಭ್ಯಾಸವಾಗಿ ಈಗ ಕಂಡದ್ದರದೆಲ್ಲ ರೀಡಿಂಗ್ ತೆಗೆಯುತ್ತಾನೆ. ಮುಂದಿನ ಸೀಟಿನಲ್ಲಿ ಕೂತು, ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿ, ಏರ್‌ಪೋರ್ಟಿನಿಂದ ಹರ್ಲಿಂಗ್‌ಹ್ಯಾಮ್‌ನ ನಮ್ಮ ಮನೆವರೆಗೂ ವಿಡಿಯೊ.

"ಉಮಣ್ಣ, ಇದು ಬೆಂಗ್ಳೂರಿನ ಥರಾನೇ ಇದೆಯಲ್ರೀ. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?"

ನನ್ನ ಹೆಸರು ಉಮಾಶಂಕರ. ಉಮಣ್ಣ ಎಂದು ನನ್ನ ತಾಯಿ ಕೂಡ ಕರೆದಿಲ್ಲ.

ಶೈಲಜಾ ಹಿಂದೆ ಕೂತಿದ್ದಳು. ನಮ್ಮ ಗೇಟಿಗೆ ಮೂರು ಹಾರ್ನ್ ಹೊಡೆದೆ. ಮನೆಗೆ ಬಂದು ಮೊದಲು ಹಂಸಾಳ ಫೋಟೊ ಮುಂದೆ ನಿಂತಳು. ಅಳುತ್ತಾಳೆ ಎಂದು ಕಾದೆ. ಫ್ರೇಮಿನ ಮೇಲೆ ಬೆರಳೆಳೆದು ಬೆರಳು ನೋಡಿಕೊಂಡಳು. ನನ್ನನ್ನು ನೋಡಿದಳು. ಸೆರಗಿನಿಂದ ಒರೆಸಿದಳು. ಅಷ್ಟೇ.

ಊಟ ಮಾಡುವಾಗ ಬ್ಯಾಗಿನಿಂದ ಹಳೇ ಟೀಚರ್ಸ್ ಡೈರಿ ತೆಗೆದಳು. ದುಂಡಗಿನ ಅಕ್ಷರ, ಪುಟಪುಟ.

"ಅಕ್ಕ ಫೋನಲ್ಲಿ ಹೇಳಿದ ಜಾಗ ಎಲ್ಲಾ ಬರ್ಕೊಂಡಿದ್ದೀನಿ ಭಾವ. ಶನಿವಾರ ಸಿಟಿ ಪಾರ್ಕ್ ಮಾರ್ಕೆಟ್. ಅದು ಫಿಕ್ಸು. ಮಿಕ್ಕಿದ್ದು ಯಾವತ್ತು ಅಂತ ನೀವು ಹೇಳಿ. ನಿಮಗೆ ಎಲ್ಲಾ ಗೊತ್ತಿರುತ್ತಲ್ಲ."

ಚಿನ್ಮಯಿಗೆ ಫೋನ್ ಮಾಡಿದೆ. ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಸದಾ ಮೀಟಿಂಗಿನಲ್ಲಿರುವ ನನ್ನ ಮಗಳು. ಮಾರ್ಕೆಟ್ ಕೇಳುತ್ತಿದ್ದಾರೆ, ಏನು ಮಾಡಲಿ ಅಂದೆ. "ಅಪ್ಪಾ, ಜಸ್ಟ್ ಟೇಕ್ ದೆಮ್ ಟು ಎ ಮಾಲ್." ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಅಮ್ಮನ ಹತ್ತಿರ ಮಾತ್ರ ಕನ್ನಡ ಆಡುತ್ತಿದ್ದಳು.

4-2-2025, ಮಂಗಳವಾರ. ಸಂಜೆ 6.30

ಕಾಲು ನೋವು. ತಲೆ ನೋವು. ಷಡ್ಡಕ ನೋವು.

ಪಟ್ಟಿಯಲ್ಲಿ ಮೊದಲನೆಯದು ಪಾರ್ಕ್‌ಲ್ಯಾಂಡ್ಸ್‌ನ ಮೊಗೋ ಅಂಗಡಿ. ಮರಗೆಣಸನ್ನು ಉದ್ದುದ್ದ ಸೀಳಿ ಕರಿದು, ಖಾರದಪುಡಿ ಉದುರಿಸಿ, ನಿಂಬೆ ಹಿಂಡಿ ಕೊಡುತ್ತಾರೆ. ಹುಡುಕಲು ಮೂರು ಸುತ್ತು ಹೊಡೆದೆ. "ದಾರಿ ಮರೆತ್ರಾ ಉಮಣ್ಣ?" "ಒನ್ ವೇ ಮಾಡಿದ್ದಾರೆ" ಅಂದೆ.

ಶೈಲಜಾ ಡೈರಿ ನೋಡಿ ಓದಿದಳು. "ಇಲ್ಲಿ ನೀವಿಬ್ರೂ ಒಂದೇ ಪ್ಲೇಟಲ್ಲಿ ತಿಂತಿದ್ರಂತೆ. ನಿಮಗೆ ಅಂತ ಖಾರ ಜಾಸ್ತಿ ಹಾಕ್ಸಿ, ನಿಮ್ಮ ಮೂಗು ಸೋರೋದು ನೋಡಿ ನಗ್ತಿದ್ಲಂತೆ. ಹೌದಾ ಭಾವ?"

ನನಗೆ ಅಸಿಡಿಟಿ. ಖಾರ ಮುಟ್ಟಿ ಮೂವತ್ತು ವರ್ಷ.

"ಹೂಂ" ಅಂದೆ. ಹೂಂ ಅಂದರೆ ಸುಳ್ಳಲ್ಲ. ಕೇಳಿಸಿತು ಎಂದಷ್ಟೇ ಅರ್ಥ.

ಖಾರದ ಪ್ಲೇಟನ್ನು ನನ್ನ ಮುಂದೆ ತಳ್ಳಿದಳು. ತಿಂದೆ. ಮೂಗು ಸೋರಿತು. ಅವಳು ನಗಲಿಲ್ಲ. ನೋಡುತ್ತಿದ್ದಳು — ಪರೀಕ್ಷೆ ಹಾಲಿನಲ್ಲಿ ಕಾಪಿ ಹೊಡೆಯುವವನನ್ನು ನೋಡುವ ಹಾಗೆ.

ಎರಡನೆಯದು, ರಸ್ತೆ ಬದಿಯ ಸುಟ್ಟ ಜೋಳದ ತೆನೆ. "ಎಳೇ ತೆನೆ ಆರಿಸೋದ್ರಲ್ಲಿ ನೀವು ಎಕ್ಸ್‌ಪರ್ಟ್ ಅಂತೆ. ಉಗುರಲ್ಲಿ ಒತ್ತಿ ನೋಡಿ ಹೇಳ್ತೀರಂತೆ. ನಮಗೂ ಆರಿಸಿಕೊಡಿ."

ಹೂಂ. ಒತ್ತಿದೆ. ಒಂದನ್ನು ಕೊಟ್ಟೆ. ಪ್ರಕಾಶ ಕಚ್ಚಿದ. ನಿಂತ. ಬಾಯಿಂದ ಹೊರತೆಗೆದು ತೆನೆಯನ್ನು ತಿರುಗಿಸಿ ನೋಡಿದ.

"ಉಮಣ್ಣ, ವಾಪಸ್ ಹೋಗ್ತಾ ಹಲ್ಲು ಸೆಟ್ಟನ್ನ ನಿಮ್ಮನೇಲೇ ಬಿಟ್ಟು ಹೋಗ್ತೀನಿ. ಅದಕ್ಕೆ ಇನ್ನು ಕೆಲಸ ಇಲ್ಲ."

ಆಮೇಲೆ ಶುಂಠಿ ಹಾಕಿದ ಕಬ್ಬಿನ ಹಾಲು. ಇಲ್ಲಿಯೂ ನಾನು ಏನೋ ಮಾಡಿದ್ದೆನಂತೆ. ಹೂಂ. ಕೊನೆಗೆ ಟೋಯ್ ಮಾರ್ಕೆಟ್ — ಫಾರಿನ್ನಿಂದ ಬಂದ ಹಳೇ ಬಟ್ಟೆಯ ಗುಡ್ಡೆಗಳು. "ಅಕ್ಕನ ನೀಲಿ ಸ್ವೆಟರ್ ಇಲ್ಲೇ ಅಲ್ವಾ ನೀವು ಕೊಡ್ಸಿದ್ದು? ಗುಡ್ಡೆಯೊಳಗೆ ಮೊಣಕೈವರೆಗೂ ಕೈ ಹಾಕಿ ಎಳೆದು ತೆಗೆದ್ರಂತೆ. 'ಇದು ನಿನ್ನ ಬಣ್ಣ' ಅಂದ್ರಂತೆ."

ನೀಲಿ ಸ್ವೆಟರ್ ನೆನಪಿದೆ. ಮೊದಲ ಸಲ ಹಾಕಿಕೊಂಡು ಬಂದಾಗ "ಯಾರ ಹಳೇದು ಅದು?" ಎಂದು ಕೇಳಿದ್ದೆ.

ಹೂಂ.

ಮೊದಲು, ಇವಳು ನನ್ನನ್ನು ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ಡೈರಿಯಲ್ಲಿ ತಾರೀಖು ಸಹಿತ ಇದೆ. ಅವಳು ಟೀ ಮಾಡಲು ಹೋದಾಗ ತಿರುವಿ ನೋಡಿದೆ. ಎಲ್ಲ ಶನಿವಾರದ ತಾರೀಖು. 'ಭಾವ ಚೀಲ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಾರೆ.' 'ಭಾವ ಬೆಣ್ಣೆಹಣ್ಣು ಒತ್ತಿ ನೋಡಿ ಆರಿಸುತ್ತಾರೆ.' ಹಂಸಾ ಹೇಳಿದ್ದಾಳೆ. ವರ್ಷಗಟ್ಟಲೆ ಹೇಳಿದ್ದಾಳೆ.

ಖಾರ ತಿನ್ನುವವನು. ಸ್ವೆಟರ್ ಆರಿಸುವವನು. ಚೀಲ ಹಿಡಿಯುವವನು.

ನಾನಲ್ಲ. ಹಾಗಾದರೆ ಯಾರು ಅವನು?

6-2-2025, ಗುರುವಾರ. ಮಧ್ಯಾಹ್ನ 3

ಬ್ಲಡ್ ಟೆಸ್ಟ್ ಎಂದು ಸುಳ್ಳು ಹೇಳಿ ಹೊರಟೆ. ಆ ಗಂಡಸನ್ನು ಹುಡುಕಲು. ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಸತ್ತ ಹೆಂಡತಿಯ... ಬರೆಯುವುದಿಲ್ಲ.

ಸಿಟಿ ಪಾರ್ಕ್ ಮಾರ್ಕೆಟ್. ಹಳೇ ಜಾಗದಲ್ಲೇ ಕಾರು ನಿಲ್ಲಿಸಿದೆ, ಬೇಲಿಗೆ ಮೂತಿ ಮಾಡಿ. ಇಷ್ಟು ವರ್ಷ ಅಲ್ಲಿ ನಿಲ್ಲಿಸಿದ್ದೇನೆ. ಒಳಗೆ ಕಾಲಿಟ್ಟದ್ದು ಇವತ್ತೇ. ಬೇಲಿಯ ಆಚೆಗೇ ಸೊಪ್ಪಿನ ಸಾಲು. ನನ್ನ ಬಂಪರಿನಿಂದ ಹತ್ತು ಹೆಜ್ಜೆ. ನಾನು ಮೈಲಿ ದೂರ ಎಂದುಕೊಂಡಿದ್ದೆ.

ನನ್ನದು ಫ್ಯಾಕ್ಟರಿ ಸ್ವಾಹಿಲಿ. ತಾ, ಇಡು, ಬೇಗ. ಕೇಳುವುದು ಬರುವುದಿಲ್ಲ, ಹೇಳುವುದಷ್ಟೇ. ಅದಕ್ಕೆ ಇಂಗ್ಲಿಷ್ ತಯಾರಿ ಮಾಡಿಕೊಂಡು ಹೋಗಿದ್ದೆ. ಡೂ ಯು ನೋ ಆ್ಯನ್ ಇಂಡಿಯನ್ ಲೇಡಿ ಹೂ... ಹೂಮ್... ಹೂ ಕೇಮ್ ವಿತ್ ಎ ಜಂಟಲ್‌ಮನ್.

ಬಾಯಿ ತೆರೆಯುವ ಮೊದಲೇ ಪಾಲಕಿನ ರಾಶಿಯ ಹಿಂದಿನಿಂದ ಒಬ್ಬ ದಪ್ಪ ಹೆಂಗಸು ಎದ್ದಳು.

"ಡೆರೆವಾ!"

ಡ್ರೈವರ್. ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇಲ್ಲ.

ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಪೋಲೆ. ಪೋಲೆ ಸಾನಾ." ಸಾವಿನ ಮನೆಯಲ್ಲಿ ಹೇಳುವ ಮಾತು. ಹೆಸರು ಮಾಮಾ ಮ್ವೆಂಡೆ. ಅರ್ಧ ಇಂಗ್ಲಿಷ್ ಅರ್ಧ ಸ್ವಾಹಿಲಿಯಲ್ಲಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಮಾಮಾ ಚಿನ್ಮಯಿ — ಮಾಮಾ ಎಂದರೆ ತಾಯಿ; ಇಲ್ಲಿ ಹೆಂಗಸರನ್ನು ಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ — ಮಾಮಾ ಚಿನ್ಮಯಿ ಹೋದಳೆಂದು ಬೇರೊಬ್ಬ ಇಂಡಿಯನ್ ಹೆಂಗಸಿನಿಂದ ಗೊತ್ತಾಯಿತು. ನೀನು ಎಷ್ಟು ವರ್ಷ ಅವಳ ಕಾರು ಓಡಿಸಿದೆ. ಮನೆಯವರು ನಿನ್ನನ್ನು ಇನ್ನೂ ಇಟ್ಟುಕೊಂಡಿದ್ದಾರಾ?

"ಹರ್... ಹರ್ ಹಸ್ಬೆಂಡ್?" ಅಂದೆ.

"ಗಂಡನಾ? ಅವನು ಸತ್ತು ಎಷ್ಟು ವರ್ಷವಾಯಿತು! ನಿನಗೆ ಗೊತ್ತಿಲ್ಲವಾ, ಡೆರೆವಾ?"

ಸೊಪ್ಪಿನ ಹಿಂದೆ ಬೋರಲು ಹಾಕಿದ ಕ್ರೇಟುಗಳು. ನಾಲ್ಕು, ಮಾಮಾ ಮ್ವೆಂಡೆಯೂ ಸೇರಿ ನಾಲ್ಕು ಹೆಂಗಸರವು; ಮಿಕ್ಕ ಮೂವರು ಬಟಾಣಿ ಬಿಡಿಸುತ್ತಿದ್ದರು. ಐದನೆಯದು ಖಾಲಿ. ನಾಲ್ವರೂ ಗಂಡ ಸತ್ತವರು. ಶನಿವಾರ ಹನ್ನೊಂದಕ್ಕೆ ಒಟ್ಟಿಗೆ ಕೂತು ಚಾಯ್ ಕುಡಿಯುತ್ತಾರೆ. ಗಂಡ ಇರುವವರಿಗೆ ಇಲ್ಲಿ ಕ್ರೇಟ್ ಇಲ್ಲ ಎಂದು ನಕ್ಕಳು. ಒಂದು ಶನಿವಾರ ನಿಮ್ಮ ಮಾಮಾ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಎರಡು ಚೀಲ. ಕಾರಿನಲ್ಲಿ ಕೂತವನು ಯಾರು ಎಂದು ಕೇಳಿದೆವು. ಡ್ರೈವರ್ ಅಂದಳು. ಗಂಡ ಎಲ್ಲಿ ಅಂದೆವು. ಸತ್ತ ಅಂದಳು. ಕೂತುಕೋ ಅಂದೆವು.

ಪ್ಲಾಸ್ಟರ್ ನೆನಪಿದೆ. 2010. ಬಚ್ಚಲಿನಲ್ಲಿ ಜಾರಿದ್ದಳು. "ಇವತ್ತೊಂದಿನ ಒಳಗೆ ಬನ್ನಿ" ಅಂದಿದ್ದಳು. ನಾನು ಏನು ಹೇಳಿದೆನೋ ಅದನ್ನೇ ಒಳಗೆ ಹೋಗಿ ಇವರಿಗೆ ಹೇಳಿದ್ದಾಳೆ. ನಾನೇನು ನಿನ್ನ ಡ್ರೈವರಾ? ಹೌದು ಎಂದಿದ್ದಾಳೆ.

ಗಂಡನ ಬಗ್ಗೆ ಏನು ಹೇಳುತ್ತಿದ್ದಳು, ಕೇಳಿದೆ. ಮಾಮಾ ಮ್ವೆಂಡೆ ಯೋಚಿಸಿದಳು. "ಏನೂ ಇಲ್ಲ. ಸತ್ತವನ ಬಗ್ಗೆ ಏನು ಹೇಳುವುದಿದೆ?" ಬೇರೆ ಯಾರಾದರೂ ಗಂಡಸು ಜೊತೆಗೆ ಬರುತ್ತಿದ್ದನಾ? ಕೈ ಆಡಿಸಿದಳು. "ನೀನೊಬ್ಬನೇ. ಬೇಲಿ ಆಚೆ."

ಬರುವಾಗ ಒಂದು ಕಟ್ಟು ಕೊತ್ತಂಬರಿ ಕೈಗಿಟ್ಟಳು. "ಮನೆಯವರಿಗೆ ಕೊಡು."

ಯಾವ ಗಂಡಸೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಅವನ ಕುತ್ತಿಗೆಪಟ್ಟಿ ಹಿಡಿಯಬಹುದಿತ್ತು.

ಕಾಲೇಜಿನಲ್ಲಿ ಪ್ರೆಸಿ ಬರೆಸುತ್ತಿದ್ದರು. ಮೂರನೇ ಒಂದು ಭಾಗಕ್ಕೆ ಇಳಿಸಿ, ಸೂಟಬಲ್ ಟೈಟಲ್ ಕೊಡಿ. ಬರೆಯೋಣ. ಮಂಡ್ಯಕ್ಕೆ ಒಳ್ಳೇ ಗಂಡ. ಮಾರ್ಕೆಟ್ಟಿಗೆ ಸತ್ತ ಗಂಡ. ಕಾರಿನಲ್ಲಿ ಡ್ರೈವರ್. ಟೈಟಲ್ ತೋಚುತ್ತಿಲ್ಲ.

7-2-2025, ಶುಕ್ರವಾರ. ಬೆಳಿಗ್ಗೆ 10

ಶನಿವಾರ ಮಾರ್ಕೆಟ್ ರಜೆ ಅಂದೆ. ಪ್ರಕಾಶ ಫೋನ್ ತೆಗೆದು ಗೂಗಲ್ ತೋರಿಸಿದ. "ಓಪನ್ ಅಂತ ಬರ್ತಿದೆಯಲ್ಲ ಉಮಣ್ಣ?" ಜೇಬುಗಳ್ಳರು ಅಂದೆ. "ನಾನು ಮಂಡ್ಯ ಬಸ್‌ಸ್ಟ್ಯಾಂಡ್ ನೋಡಿದೋನು." ಬಿಸಿಲು ಅಂದೆ. ಶೈಲಜಾ ಪುಸ್ತಕದಿಂದ ತಲೆ ಎತ್ತದೆ "ಛತ್ರಿ ತಂದಿದ್ದೀನಿ ಭಾವ" ಅಂದಳು.

ಅದೇ ಸಂಜೆ, 6

ಲೆಕ್ಕ ಸರಳ. ನಾನು ಗಂಡನೆಂದು ಒಳಗೆ ಹೋದರೆ ಹಂಸಾ ಆ ನಾಲ್ವರ ಮುಂದೆ ಸುಳ್ಳುಗಾತಿ. ಜೀವಂತ ಗಂಡನನ್ನು ಕಾರಿನಲ್ಲಿ ಕೂರಿಸಿ, ವಿಧವೆಯರ ಚಾಯ್ ಕುಡಿದವಳು. ಡ್ರೈವರೆಂದು ಹೋದರೆ ತಂಗಿಯ ಮುಂದೆ ಸುಳ್ಳುಗಾತಿ. ಆ ಡೈರಿಯ ಅಷ್ಟೂ ಪುಟ ಸುಳ್ಳು. ಸತ್ತವಳು ಬಂದು ಸಮಜಾಯಿಷಿ ಹೇಳಲಾರಳು. ನಾನೇ ಆರಿಸಬೇಕು.

ಮಾಮಾ ಮ್ವೆಂಡೆಗೆ ಮೊದಲೇ ಹೋಗಿ ಕೈ ಮುಗಿದು ಹೇಳಿಬಿಡಲೇ? ನಾಳೆ ಒಂದು ದಿನ ನನ್ನನ್ನು ಗಂಡ ಅನ್ನಿ ಎಂದು? ಅಂದರೂ ಅವರ ಮುಂದೆ ಹಂಸಾ ಸುಳ್ಳುಗಾತಿಯೇ.

ಕಾರಿನಲ್ಲೇ ಇರುತ್ತೇನೆ. ಪಾರ್ಕಿಂಗ್ ಸಮಸ್ಯೆ ಎನ್ನುತ್ತೇನೆ. ಒಳಗೆ ಯಾರೂ ಯಾರನ್ನೂ ಗುರುತು ಹಿಡಿಯದೆ ಇವರು ಟೊಮೆಟೊ ನೋಡಿಕೊಂಡು ಬರಲಿ.

ಅಡುಗೆಮನೆಯಲ್ಲಿ ಶೈಲಜಾ ಆ ಕೊತ್ತಂಬರಿ ಸೋಸುತ್ತಿದ್ದಾಳೆ. "ಎಲ್ಲಿ ತಂದ್ರಿ ಭಾವ? ಘಮ್ ಅಂತಿದೆ" ಅಂದಳು. ಬ್ಲಡ್ ಟೆಸ್ಟ್ ಮಾಡುವಲ್ಲಿ ಕೊತ್ತಂಬರಿ ಮಾರುತ್ತಾರೆಂದು ಹೇಳಲೇ?

8-2-2025, ಶನಿವಾರ. ಸಂಜೆ 4

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೇಲಿ ಹತ್ತಿರ ನಿಲ್ಲಿಸಿದೆ. ಇಬ್ಬರೂ ಇಳಿದರು. ನಾನು ಪೇಪರ್ ತೆಗೆದೆ. "ನೀವು ನೋಡ್ಕೊಂಡು ಬನ್ನಿ. ಪಾರ್ಕಿಂಗ್ ಸಮಸ್ಯೆ."

ಸುತ್ತ ಆರು ಕಾರಿನ ಜಾಗ ಖಾಲಿ ಇತ್ತು. ಶೈಲಜಾ ಅದನ್ನು ನೋಡಿದಳು. ಹಂಸಾಳ ಬಟ್ಟೆಚೀಲವನ್ನು — ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದದ್ದು — ಮಡಿಕೆ ಬಿಡಿಸಿ ಕಿಟಕಿಯೊಳಗೆ ಚಾಚಿದಳು.

"ಚೀಲ ಯಾರು ಹಿಡೀತಾರೆ ಭಾವ?"

ಇಳಿದೆ.

ಅವಳ ನಡಿಗೆ ಅಕ್ಕನದೇ. ಎಡಗಾಲು ಸ್ವಲ್ಪ ಹೊರಕ್ಕೆ. ಹಿಂದಿನಿಂದ ನೋಡುತ್ತ ಹೋದೆ. ಹೀಗೇ ಹೋಗುತ್ತಿದ್ದಳೇನೋ. ನಾನು ಹಿಂದಿನಿಂದ ನೋಡಿರಲಿಲ್ಲ. ಬೇಲಿ ಪಕ್ಕದ ಸಾಲಿಗೆ ತಿರುಗಿದ ಕೂಡಲೇ ಬಟಾಣಿ ಬಿಡಿಸುತ್ತಿದ್ದವರಲ್ಲಿ ಒಬ್ಬಳು ಕೂಗಿಕೊಂಡಳು. ಮೊರ ಮಗುಚಿತು. ಬಟಾಣಿ ಉರುಳಿ ನನ್ನ ಶೂ ಕೆಳಗೆ.

ಮಾಮಾ ಮ್ವೆಂಡೆ ಎದ್ದು ಬಂದು ಶೈಲಜಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಇಂಗ್ಲಿಷಿನಲ್ಲೇ ಹೇಳಿದಳು, ಪ್ರಕಾಶನಿಗೂ ತಿಳಿಯುವಷ್ಟು ನಿಧಾನವಾಗಿ. ಸಿಸ್ಟರ್! ದ ಸಿಸ್ಟರ್ ಆಫ್ ದ ಫೋನ್! ಪ್ರತಿ ಶನಿವಾರ ಈ ಕ್ರೇಟಿನ ಮೇಲೆ ಕೂತೇ ನಿನ್ನ ಹತ್ತಿರ ಮಾತಾಡುತ್ತಿದ್ದಳು. ನಗುತ್ತಿದ್ದಳು. ಏನು ಹೇಳುತ್ತಿದ್ದಳೋ, ನಮಗೆ ನಿಮ್ಮ ಭಾಷೆ ಬಾರದು.

ಇಲ್ಲಿಂದ ಫೋನ್ ಮಾಡುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

ಶೈಲಜಾ ಅತ್ತಳು. ಫೋಟೊ ಮುಂದೆ ಅಳದವಳು ಸೊಪ್ಪಿನ ಮುಂದೆ ಗೊಳೋ ಎಂದು ಅತ್ತಳು. ನಾಲ್ಕು ಹೆಂಗಸರೂ ಅವಳ ಸುತ್ತ.

ಆಗ ಮಾಮಾ ಮ್ವೆಂಡೆ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದಳು. "ಆ್ಯಂಡ್ ದ ಡ್ರೈವರ್ ಬ್ರಾಟ್ ಯು. ಗುಡ್, ಗುಡ್."

ಪ್ರಕಾಶನ ಫೋನು ಟೊಮೆಟೊದಿಂದ ನನ್ನ ಕಡೆ ತಿರುಗಿತು.

"ಡ್ರೈವರಾ?" ಅಂದ. "ಏ ಶೈಲೂ, ನಮ್ಮ ಉಮಣ್ಣನಿಗೆ ಡ್ರೈವರ್ ಅಂತಿದಾಳಲ್ಲೇ! ನೋ ಮೇಡಂ, ನೋ ನೋ, ಹೀ ಈಸ್—"

"ಯೆಸ್ ಮಾಮಾ" ಅಂದೆ. ನನ್ನ ಧ್ವನಿಯೇ. "ಡ್ರೈವರ್."

ಪ್ರಕಾಶ ಬಾಯಿ ಮುಚ್ಚಲಿಲ್ಲ. ಶೈಲಜಾ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಈಗ ಕಿರುಚುತ್ತಾಳೆ, ಡೈರಿ ತೆಗೆದು ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡೆ. ಎರಡು ಕಟ್ಟು ಪಾಲಕ್, ಕುಂಬಳಕಾಯಿ ಹೋಳು, ಆರು ಬೆಣ್ಣೆಹಣ್ಣು ಆರಿಸಿ ಒಂದೊಂದಾಗಿ ನಾನು ಹಿಡಿದ ಚೀಲಕ್ಕೆ ಹಾಕಿದಳು.

"ಹೂಂ. ಸರಿಯಾಗಿ ಹಿಡ್ಕೊಳ್ಳಿ ಡ್ರೈವರ್. ಹಣ್ಣು ಮೇಲೆ ಇರಲಿ."

ಐದನೇ ಕ್ರೇಟಿನ ಮೇಲೆ ಕೂತಳು. ಚಾಯ್ ಬಂತು. ಪ್ರಕಾಶನಿಗೂ ಎಲ್ಲಿಂದಲೋ ಒಂದು ಸ್ಟೂಲ್ ತಂದರು — ಅತಿಥಿಯಂತೆ. ನನಗೆ ಯಾರೂ ಏನೂ ಕೊಡಲಿಲ್ಲ. ಡ್ರೈವರಿಗೆ ಯಾಕೆ ಕೊಡುತ್ತಾರೆ. ಒಂದು ಗಂಟೆ ಹತ್ತು ನಿಮಿಷ ನಿಂತಿದ್ದೆ. ಚೀಲ ಭಾರ. ಬೆರಳಿಗೆ ಹಿಡಿ ಕೊರೆದು ಗೆರೆ ಬಿದ್ದಿದೆ, ಈಗಲೂ ಕಾಣುತ್ತಿದೆ.

ವಾಪಸು ಬರುವಾಗ ಇಬ್ಬರೂ ಹಿಂದೆ ಕೂತರು.

11-2-2025, ಮಂಗಳವಾರ. ಸಂಜೆ 7

ಬಿಟ್ಟು ಬಂದೆ.

ಮೂರು ದಿನ ಮಾತಿಲ್ಲ. ಪ್ರಕಾಶ ಕೂಡ ಸುಮ್ಮನಿದ್ದ, ಅದೊಂದು ಲಾಭ. ಏರ್‌ಪೋರ್ಟಿನಲ್ಲಿ ಅವನು ಟ್ರಾಲಿ ತರಲು ಹೋದ. ಶೈಲಜಾ ಕಾರಿನಿಂದ ಇಳಿಯಲಿಲ್ಲ. ಹಿಂದಿನ ಸೀಟಿನಿಂದಲೇ ಶುರು ಮಾಡಿದಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ.

"ನಂಗೆ ಗೊತ್ತಿತ್ತು ಭಾವ."

"ಏನು?"

"ಅಕ್ಕ ಫೋನಲ್ಲಿ ಹೇಳೋಳು, 'ಇವರು ಇಲ್ಲೇ ಪಕ್ಕದಲ್ಲಿದಾರೆ ಕಣೆ, ಬೆಣ್ಣೆಹಣ್ಣು ಒತ್ತಿ ಒತ್ತಿ ನೋಡ್ತಿದಾರೆ' ಅಂತ. ಅಷ್ಟರಲ್ಲಿ ಪೇಂ, ಪೇಂ, ಪೇಂ. 'ಯಾರೇ ಅದು?' ಅಂದ್ರೆ 'ಯಾರೋ ಮ್ಯಾನರ್ಸ್ ಇಲ್ದೋನು' ಅನ್ನೋಳು. 'ಸರಿ ಇಡ್ತೀನಿ' ಅನ್ನೋಳು. ಪ್ರತಿ ವಾರ. ಅದೇ ಮೂರು. ಮಾತು ಅರ್ಧಕ್ಕೇ. ಭಾನುವಾರ ನಮ್ಮನ್ನ ಕರ್ಕೊಂಡು ಬಂದ್ರಲ್ಲ, ನಿಮ್ಮ ಗೇಟಿನ ಮುಂದೆ ಹೊಡೆದ್ರಿ ನೋಡಿ ಹಾರ್ನು... ಫೋನ್ ಇಡಬೇಕು ಅನ್ನಿಸ್ತು."

ಸ್ಟೇರಿಂಗ್ ಹಿಡಿದುಕೊಂಡು ಕೂತೆ. ಹೆಬ್ಬೆರಳು ಹಾರ್ನಿನ ಮೇಲಿತ್ತು. ತೆಗೆದೆ.

"ಮತ್ತೆ ಯಾಕೆ ಆ ಜೋಳ, ಮೊಗೋ... ಎಲ್ಲಾ ಕೇಳಿದೆ?"

"ನೀವು ಏನಂತೀರಿ ಅಂತ. 'ಇಲ್ಲಮ್ಮ, ಅವಳು ಕಟ್ಟಿ ಹೇಳಿದಾಳೆ, ನಾನು ಕಾರಲ್ಲಿರ್ತಿದ್ದೆ' ಅಂತ ಒಂದು ಸಲ ಅಂತೀರೇನೋ ಅಂತ. ನಾಲ್ಕು ಸಲ ಹೂಂ ಅಂದ್ರಿ. ಎಣಿಸಿದ್ದೀನಿ. ಆ ಹೊಗಳಿಕೆನೆಲ್ಲಾ ನುಂಗಿಕೊಂಡು ಕೂತ್ರಿ. ಶನಿವಾರಾನೂ ಅಲ್ಲಿ ನಿಂತು 'ನಾನೇ ಆ ಚೀಲ ಹಿಡಿಯೋ ಗಂಡ' ಅಂದಿದ್ರೆ ಎಲ್ಲರೆದುರಿಗೇ ಮುಖಕ್ಕೆ ಉಗಿದು ಹೋಗೋಣ ಅಂತಲೇ ಬಂದಿದ್ದು."

"ಈಗ?"

"ಈಗ ಉಗಿಯೋಕೂ ಆಗ್ಲಿಲ್ಲ. ಅದೂ ಒಂದು ಸಿಟ್ಟು."

ಪ್ರಕಾಶ ಟ್ರಾಲಿ ತಂದ. ಸೂಟ್‌ಕೇಸ್ ಇಳಿಸಲು ಹೋದೆ. "ಬೇಡ, ಬಿಡಿ. ನೀವೇನು ನಮ್ಮ ಡ್ರೈವರಾ?" ಅಂದಳು. ನಗುತ್ತ ಹೇಳಿದ್ದಲ್ಲ. ಡೈರಿಯನ್ನು ಮುಂದಿನ ಸೀಟಿನ ಮೇಲೆ ಎಸೆದಳು. "ನಿಮ್ಮ ಹತ್ರಾನೇ ಇರಲಿ. ಒಳ್ಳೇ ಗಂಡಸು ಅವನು. ಓದಿ."

ನಮಸ್ಕಾರ ಕೂಡ ಮಾಡದೆ ಹೋದಳು. ಪ್ರಕಾಶ ಮಾತ್ರ ಗಾಜಿನ ಬಾಗಿಲ ಹತ್ತಿರ ತಿರುಗಿ ಕೈ ಆಡಿಸಿದ. ಮೊದಲ ಸಲ ವಿಡಿಯೊ ತೆಗೆಯಲಿಲ್ಲ.

ಓದಲಿಲ್ಲ. ಡ್ಯಾಶ್‌ಬೋರ್ಡಿನೊಳಗೆ ಹಾಕಿದ್ದೇನೆ.

1-3-2025, ಶನಿವಾರ. ಮಧ್ಯಾಹ್ನ 12.40

ಬರೆಯದೆ ಹದಿನೆಂಟು ದಿನ. ಡೈರಿ ಓದಿದೆ. ಪೂರ್ತಿ. ಆ ಗಂಡಸು 2019ರಲ್ಲಿ ಅವಳಿಗೆ ಮಾವಿನಹಣ್ಣು ಹೆಚ್ಚಿ ಬಾಯಿಗಿಟ್ಟಿದ್ದಾನೆ, ಪಾರ್ಕಿನ ಬೆಂಚಿನ ಮೇಲೆ. ನನಗೆ ಅವನನ್ನು ಕಂಡರಾಗುವುದಿಲ್ಲ.

ಇವತ್ತು ಚೀಲ ತೆಗೆದುಕೊಂಡು ಹೋದೆ. ನಾನೇ, ಒಬ್ಬನೇ. ದಾರಿಯುದ್ದಕ್ಕೂ ಬಾಯಿಪಾಠ. ಕಾಲೇಜಿನಲ್ಲಿ ಲೀವ್ ಲೆಟರ್ ಬರೆಸುತ್ತಿದ್ದರಲ್ಲ, ಅದೊಂದೇ ಪೂರ್ತಿ ನೆನಪಿರುವುದು. ಐ ಬೆಗ್ ಟು ಸ್ಟೇಟ್ ದಟ್.

ಹನ್ನೊಂದು. ನಾಲ್ವರೂ ಕೂತಿದ್ದರು. ಚಾಯ್ ಆವಿಯಾಡುತ್ತಿತ್ತು. ಐದನೇ ಕ್ರೇಟ್ ಖಾಲಿ.

"ಮಾಮಾ, ಐ ಬೆಗ್ ಟು ಸ್ಟೇಟ್ ದಟ್ ಐ ಯಾಮ್ ನಾಟ್ ದ ಡ್ರೈವರ್. ಐ ಯಾಮ್ ದ ಹಸ್ಬೆಂಡ್."

ಮಾಮಾ ಮ್ವೆಂಡೆ ಬಟಾಣಿಯಿಂದ ತಲೆ ಎತ್ತಲಿಲ್ಲ.

"ಗೊತ್ತು" ಅಂದಳು.

"ಯಾವಾಗಿನಿಂದ?"

"ಮೊದಲ ದಿನದಿಂದ. ಡ್ರೈವರ್ ಮಾಮಾಗೆ ಹಾರ್ನ್ ಹೊಡೆಯುತ್ತಾನಾ? ಮೂರು ಸಲ? ಅಂಥವನಿಗೆ ಸೋಮವಾರ ಕೆಲಸ ಇರುತ್ತದಾ?" ಪಕ್ಕದವಳಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿದಳು. ನಾಲ್ವರೂ ನಕ್ಕರು. ಕೆಟ್ಟ ನಗು ಅಲ್ಲ. ಒಳ್ಳೆಯದೂ ಅಲ್ಲ. "ಹಾಗೆ ಹೊಡೆಯುವವನು ಗಂಡ ಒಬ್ಬನೇ."

"ಮತ್ತೆ ಸತ್ತಿದ್ದಾನೆ ಎಂದಾಗ?"

"ಸತ್ತಿದ್ದಾನೆ ಅಂದಳು. ಪೋಲೆ ಅಂದೆವು. ಚಾಯ್ ಕೊಟ್ಟೆವು. ಇನ್ನೇನು, ಬೇಲಿ ಆಚೆ ಬಂದು ನಿನ್ನ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡಬೇಕಿತ್ತಾ?"

"ಆವತ್ತು ನನ್ನನ್ನು ಡೆರೆವಾ ಎಂದು ಕರೆದಿರಿ. ತಂಗಿಯ ಎದುರಿಗೂ."

"ಅವಳು ಹಾಗೆ ಕರೆಯುತ್ತಿದ್ದಳು. ನಿನಗೆ ಬೇರೆ ಹೆಸರು ನಾವು ಕೇಳಿಲ್ಲ."

ನನ್ನ ಹೆಸರು ಹೇಳಬೇಕೆನಿಸಿತು. ಹೇಳಲಿಲ್ಲ. ಚೀಲ ಹಿಡಿದೇ ನಿಂತಿದ್ದೆ. ಕೂತುಕೋ ಎಂದು ಯಾರೂ ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಒಂದು ಬೆಣ್ಣೆಹಣ್ಣು ತೆಗೆದು ಒತ್ತಿ ನೋಡಿದೆ. ಗಟ್ಟಿಯೋ ಮೆತ್ತಗೋ, ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಬೇಲಿ ಆಚೆಯಿಂದ ಹಾರ್ನ್. ಯಾರದೋ ಕಾರು. ಒಂದು. ನಾಲ್ವರ ಕೈಯೂ ಬಟಾಣಿಯ ಮೇಲೆ ನಿಂತಿತು. ಎರಡು. ನಾಲ್ವರೂ ಖಾಲಿ ಕ್ರೇಟಿನ ಕಡೆ ನೋಡಿದರು. ಈಗ ಎದ್ದು ಹೊರಡುತ್ತಾಳೆ ಎನ್ನುವ ಹಾಗೆ. ನಾನೂ ನೋಡಿದೆ. ಮೂರನೆಯದಕ್ಕೆ ಕಾಯುತ್ತ ಚೀಲ ಹಿಡಿದು ನಿಂತೆ.